ಪೆನ್ನು ಇಲ್ಲಿ, ಅವರ ಮುಖ ಅಲ್ಲಿ

ಗೋಕಾಕದಲ್ಲಿ ನಿಮ್ಮ ಅಪ್ಪ ಫೋಟೋ ಸ್ಟುಡಿಯೋ ನಡೆಸುತ್ತಿದ್ದಾಗ, ತೀರಿಹೋದ ನಿಮ್ಮ ಅಜ್ಜನದೆಂದು ನಮ್ಮಲ್ಲಿದ್ದ ಒಂದೇ ಫೋಟೋಕ್ಕೆ ನೀರಿಳಿದು ಕೆನ್ನೆಯ ಮೇಲೆ ಕಲೆಯಾಯಿತು. ಫೋಟೋವನ್ನು ಕಂಪ್ಯೂಟರಿಗೆ ಹಾಕಿಸಿ, ಆ ಕಲೆಯನ್ನು ನಾನೇ ಅಳಿಸುತ್ತೇನೆಂದು ಕುಳಿತೆ. ಪಾಟಿಯಂಥ ಹಲಗೆಯ ಮೇಲೆ ಪೆನ್ನು ಆಡಿಸಿದರೆ ಗುರುತು ಎದುರಿನ ಪರದೆಯಲ್ಲಿ ಮೂಡುತ್ತಿತ್ತು. ನನ್ನ ಕಣ್ಣು ಮಾತ್ರ ಕೈ ಬಿಟ್ಟು ಮೇಲೇಳಲಿಲ್ಲ. ಕಲೆ ಉಳಿದು ಮೂಗು ಅಳಿಸಿಹೋಯಿತು.

"ಅತ್ತಿ, ಕೈ ನೋಡಬ್ಯಾಡ್ರಿ, ಮಾವಾರ ಮಾರಿ ನೋಡ್ರಿ," ಎಂದಳು ನಿಮ್ಮ ಅವ್ವ.

"ನಿನ್ನ ಮುಂದ ಹೆಂಗ ನೋಡ್ಲಿ ಯವ್ವಾ?"

ನಾಲ್ಕು ಜನರೆದುರು ಗಂಡನ ಮುಖವನ್ನು ನಾನೆಂದೂ ದಿಟ್ಟಿಸಿದವಳಲ್ಲ. ಅವಳು ನಗುತ್ತ ಮೂಗನ್ನು ಮೊದಲಿನಂತೆ ಮಾಡಿ, "ಚಾ ಮಾಡ್ಕೊಂಡು ಬರ್ತೇನ್ರಿ," ಎಂದು ಎದ್ದುಹೋದಳು.

ನಾನು ತಲೆಯೆತ್ತಿದೆ. ಪರದೆಯ ತುಂಬ ಅವರೇ ಇದ್ದರು. ಚಹಾ ಬರುವಷ್ಟರಲ್ಲಿ ಕಲೆ ಹೋಗಿತ್ತು. ಆದರೂ ಪೆನ್ನು ಕೆಳಗಿಡಲಿಲ್ಲ.