ನಿಂತಲ್ಲೇ ನಡೆಯುವ ಯಂತ್ರ ಮತ್ತು ಸಕ್ಕರೆ ವ್ರತ

ದಿನಾ ನಡೆಯಿರಿ ಎಂದು ಹೇಳುವುದು ಗುಲ್ಬರ್ಗಾದ ಡಾಕ್ಟರಿಗೆ ಸುಲಭ. ಅವರು ನಮ್ಮ ಊರು ವಾಡಿಯಲ್ಲಿ ಒಂದು ದಿನವೂ ನಡೆದವರಲ್ಲ. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಗುಲ್ಬರ್ಗಾಕ್ಕೆ ಇನ್ನೂ ಕಲಬುರಗಿ ಎಂಬ ಹೆಸರು ಬಂದಿರಲಿಲ್ಲ, ನನಗೆ ಮಾತ್ರ ಶುಗರ್ ಬಂದಿತ್ತು. ಗುಳಿಗೆ ಬರೆದುಕೊಟ್ಟ ಡಾಕ್ಟರು, ಬೆಳಗ್ಗೆ ಎದ್ದು ಬಿರುಸಾಗಿ ನಡೆಯಬೇಕು, ಇಲ್ಲದಿದ್ದರೆ ಇಷ್ಟರಲ್ಲೇ ಇನ್ಸುಲಿನ್ ಸೂಜಿ ಹಿಡಿಯಬೇಕಾಗುತ್ತದೆ ಎಂದರು. ನನ್ನ ತಾಯಿ ಇದೇ ರೋಗದಲ್ಲಿ ಮೊದಲು ಕಣ್ಣು ಕಳೆದುಕೊಂಡು, ಆಮೇಲೆ ತಾನೂ ಹೋದವಳು. ಬೇರೆ ಯಾವ ಮಾತಿಗಾದರೂ ನಗಾಡುವ ನಾನು ಆ ಮಾತಿಗೆ ಹೆದರಿದೆ.

ನಮ್ಮ ಊರಲ್ಲಿ ಹೆಂಗಸರು ನಡೆಯುವುದಿಲ್ಲ ಎಂದೇನಲ್ಲ. ಎಲ್ಲರೂ ನಡೆಯುತ್ತಾರೆ, ಆದರೆ ಎಲ್ಲಿಗೋ ಹೋಗಲು ನಡೆಯುತ್ತಾರೆ. ಕೈಯಲ್ಲಿ ಕಾಯಿಪಲ್ಯದ ಚೀಲವೋ, ಕೊಡವೋ, ಅರಿಷಿಣ ಕುಂಕುಮದ ತಟ್ಟೆಯೋ ಇರುತ್ತದೆ. ಕಟ್ಟೆಯ ಮೇಲೆ ಕೂತವರು "ಎಲ್ಲಿಗೆ ಹೊಂಟೀರಿ?" ಎನ್ನುತ್ತಾರೆ. ಅದು ನಿಜವಾಗಿ ಪ್ರಶ್ನೆಯಲ್ಲ, ನಮಸ್ಕಾರವಿದ್ದ ಹಾಗೆ. ಆದರೂ ಉತ್ತರ ಕೊಡಬೇಕು, ಮತ್ತು ಆ ಉತ್ತರ ಒಂದು ಜಾಗದ ಹೆಸರಾಗಿರಬೇಕು.

ಮೊದಲ ದಿನ ನಾನು ಬರಿಗೈಯಲ್ಲಿ ಹೊರಟೆ. ಕೇಳಿದವರಿಗೆಲ್ಲ ಸುಮ್ಮನೆ ಅಡ್ಡಾಡಲು ಎಂದೆ. ರೈಲ್ವೆ ಗೇಟಿನವರೆಗೆ ಹೋಗಿ, ಬೆವರು ಒರೆಸಿಕೊಳ್ಳುತ್ತ ತಿರುಗಿ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಸೊಸೆ ಬೆಳಬೆಳಗ್ಗೆ ಬರಿಗೈಯಲ್ಲಿ, ಹಿಂದೆ ಮುಂದೆ ನೋಡದೆ, ಹಳಿಯ ಕಡೆಗೆ ದಾಪುಗಾಲು ಹಾಕಿದಳಂತೆ. ಓಣಿಯ ಇಬ್ಬರು ಹಿರಿಯ ಹೆಂಗಸರು ಬಂದು ನಮ್ಮ ಅತ್ತೆಯವರಿಗೆ ಸಮಾಧಾನ ಹೇಳುತ್ತಿದ್ದರು. ಮನೆ ಅಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ದೊಡ್ಡವರಾದ ನೀವೇ ನುಂಗಿಕೊಳ್ಳಬೇಕು ಎಂದು. ಏನನ್ನು ನುಂಗಬೇಕು ಎಂದು ತಿಳಿಯದ ಅತ್ತೆ ಬಾಯಿ ಬಿಟ್ಟುಕೊಂಡು ಕೂತಿದ್ದರು.

ಅತ್ತೆಯವರ ಬಗ್ಗೆ ಇಲ್ಲಿ ಹೇಳಲೇಬೇಕು. ಚಿಂಚೋಳಿಯಿಂದ ಹನ್ನೆರಡೋ ಹದಿಮೂರೋ ವಯಸ್ಸಿಗೆ ಸೊಸೆಯಾಗಿ ಬಂದವರು. ಆಮೇಲೆ ಅಡಿಗೆಮನೆ, ದೇವರಮನೆ, ಬಾವಿಕಟ್ಟೆ, ವರ್ಷಕ್ಕೊಮ್ಮೆ ತವರು, ಇಷ್ಟೇ ಅವರ ಸಂಚಾರ. ಮೊಣಕಾಲು ಹಿಡಿದ ಮೇಲೆ ಅದೂ ನಿಂತು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಮಡಿ ಮೈಲಿಗೆಯಲ್ಲಿ ಅವರ ಮಾತೇ ಕೊನೆಯದು. ಯಾವ ಏಕಾದಶಿ ಯಾವ ದಿನ, ಯಾರ ಮನೆಯ ಸೂತಕ ಯಾರಿಗೆ ಎಷ್ಟು ದಿನ ಎಂದು ಓಣಿಯವರೆಲ್ಲ ಅವರನ್ನೇ ಕೇಳಲು ಬರುತ್ತಿದ್ದರು. ಶಾಸ್ತ್ರದಲ್ಲಿ ಇಲ್ಲದ ಮಾತನ್ನು ಅವರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ನನ್ನ ಕೈಗೆ ಬಿದಿರಿನ ಹೂಬುಟ್ಟಿ ಕೊಟ್ಟು, ಅದರಲ್ಲಿ ನಾಲ್ಕು ಎಸಳು ತುಳಸಿ ಹಾಕಿ, "ಇದನ್ನ ಹಿಡ್ಕೊಂಡು ಎಲ್ಲಿಗರ ಹೋಗು, ಯಾರೂ ಏನೂ ಅನ್ನೂದಿಲ್ಲ" ಎಂದರು.

ನಿಜಕ್ಕೂ ಯಾರೂ ಏನೂ ಅನ್ನಲಿಲ್ಲ. ಬುಟ್ಟಿ ಅಂದರೆ ಲೈಸೆನ್ಸು. ಆದರೆ ಬುಟ್ಟಿ ಹಿಡಿದವಳು ಹಣಮಪ್ಪನ ಗುಡಿಯೊಳಗೆ ಹೋಗದೆ ಮುಂದೆ ದಾಟುವ ಹಾಗಿಲ್ಲ. ಒಳಗೆ ಹೋದರೆ ಪ್ರಸಾದ ಬಿಡುವ ಹಾಗಿಲ್ಲ. ಪೂಜಾರಿಗಳು ಅಂಗೈ ತುಂಬ ಸಕ್ಕರೆ ಕೊಡುತ್ತಿದ್ದರು, ಶನಿವಾರ ಬೆಲ್ಲದ ಹುಗ್ಗಿ. ಗುಡಿಯಿಂದ ಬಂದವಳನ್ನು ತಮ್ಮ ಬಾಗಿಲಿಂದ ಹಾಗೇ ಕಳಿಸುವುದು ದಾರಿಯ ಮನೆಗಳ ಯಾರಿಗೂ ಸರಿ ಕಾಣುತ್ತಿರಲಿಲ್ಲ. ಬರ್ರಿ, ಕುಂದ್ರಿ ಎಂದು ಕರೆದು ಚಹಾ ಕೊಡುತ್ತಿದ್ದರು. ನಮ್ಮ ಕಡೆಯ ಚಹಾ ಅಂದರೆ ಪಾಯಸಕ್ಕೆ ಸ್ವಲ್ಪ ಚಹಾಪುಡಿ ಬಿದ್ದಂತೆ. ನನಗೆ ಶುಗರ್ ಇದೆ ಎಂದರೆ, ಒಂದು ಕಪ್ಪಿಗೆ ಏನಾಗುತ್ತದೆ ಎನ್ನುತ್ತಿದ್ದರು. ಒಬ್ಬಳಂತೂ ಶುಗರ್ ಇದ್ದೂ ಹೋಳಿಗೆ ತಿಂದು ಎಂಬತ್ತು ದಾಟಿದ ತನ್ನ ಮಾವನವರ ಕಥೆ ಹೇಳುತ್ತಿದ್ದಳು. ಡಾಕ್ಟರ ಮಾತಿಗೆ ಯಾರ ಮನೆಯಲ್ಲೂ ಕವಡೆ ಕಿಮ್ಮತ್ತಿರಲಿಲ್ಲ.

ಮುಂದಿನ ಸಲ ಗುಲ್ಬರ್ಗಾಕ್ಕೆ ಹೋದಾಗ ಶುಗರ್ ಏರಿತ್ತು. ಡಾಕ್ಟರು ನಡೆಯುತ್ತಿದ್ದೀರಾ ಎಂದರು. ದಿನಾ ಎಂದೆ. ನನ್ನ ಹತ್ತಿರ ಮನೆಪಾಠಕ್ಕೆ ಬರುವ ಮಕ್ಕಳು ಲೆಕ್ಕ ಮಾಡಿದ್ದೆ, ನೋಟುಬುಕ್ಕು ಮರೆತೆ ಎನ್ನುವಾಗ ನಾನು ನೋಡುವ ನೋಟವನ್ನೇ ಅವರು ನನ್ನತ್ತ ಬೀರಿ, ಇನ್ನೊಂದು ಗುಳಿಗೆ ಬರೆದರು.

ಆಗ ನಮ್ಮ ಯಜಮಾನರು ನಿಂತಲ್ಲೇ ನಡೆಯುವ ಯಂತ್ರದ ಮಾತು ತೆಗೆದರು. ಅವರು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಕಾಲೋನಿಯ ಒಬ್ಬ ಅಧಿಕಾರಿಗೆ ರಾಜಸ್ಥಾನದ ಕಡೆ ವರ್ಗವಾಗಿತ್ತು, ಸಾಮಾನು ಮಾರುತ್ತಿದ್ದರು. ಅದರಲ್ಲಿ ಒಂದು ಎಲಿಪ್ಟಿಕಲ್ ಮಷಿನ್ ಇತ್ತು. ಯಜಮಾನರು ಆ ಹೆಸರನ್ನು ಎಷ್ಟು ಸಲ ಹೇಳಿದರೆಂದರೆ, ಅತ್ತೆಯವರಿಗೂ ಅದು ಬಾಯಿಪಾಠವಾಯಿತು. ಟ್ರೆಡ್‌ಮಿಲ್ ಅಂತ ಇನ್ನೊಂದು ಬರುತ್ತದೆ, ಅದಕ್ಕೆ ಕರೆಂಟು ಬೇಕು, ನಮ್ಮ ಕರೆಂಟು ನಂಬಿ ಹತ್ತಿದರೆ ನಡುದಾರಿಯಲ್ಲಿ ನಿಲ್ಲುತ್ತೀ, ಇದಕ್ಕೆ ನಿನ್ನ ಕಾಲೇ ಕರೆಂಟು ಎಂದು ವಿವರಿಸಿದರು. ಮನೆಯೊಳಗೇ ನಡೆದರೆ ಅತ್ತ ಪ್ರಸಾದವಿಲ್ಲ, ಇತ್ತ ಚಹಾ ಇಲ್ಲ. ಅಧಿಕಾರಿಯ ಸಾಮಾನು ಲಾರಿಗೆ ತುಂಬುವುದರೊಳಗೆ ಹೂಂ ಅಥವಾ ಊಂಹೂಂ ಹೇಳಬೇಕಿತ್ತು.

ನೋಡಲು ಹೋದೆವು. ಅಧಿಕಾರಿಯ ಹೆಂಡತಿ ಹಿಂದಿಯಲ್ಲಿ ಯಂತ್ರವನ್ನು ಬಹಳ ಹೊಗಳಿದರು. ಕಾಲಿಡಲು ಎರಡು ಉದ್ದನೆಯ ಪಾವಟಿಗೆ, ಹಿಡಿಯಲು ಎದೆಯೆತ್ತರದ ಎರಡು ಹಿಡಿಕೆ, ಮುಂದೆ ಒಂದು ದೊಡ್ಡ ಗಾಲಿ. ಹಿಡಿಕೆಗಳ ಮೇಲೆ ಅರಿಷಿಣ ಕುಂಕುಮ ಪದರು ಪದರಾಗಿ ಕೂತಿತ್ತು. ದಸರೆಯ ಖಂಡೆ ಪೂಜೆಯಲ್ಲಿ ಕಾರು, ಮಿಕ್ಸರ್ ಜೊತೆ ಇದಕ್ಕೂ ವರ್ಷ ವರ್ಷ ಪೂಜೆಯಾಗಿತ್ತು. ಕೈ ಇಟ್ಟವರಿದ್ದರೆ ಅಷ್ಟು ಕುಂಕುಮ ಉಳಿಯುತ್ತಿರಲಿಲ್ಲ.

ಹತ್ತಿ ನೋಡಿ ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಿರಿಗೆ ಎತ್ತಿ ಹಿಡಿದು ಹತ್ತಿದೆ. ಕಾಲುಗಳು ತಾವಾಗಿ ದುಂಡಗೆ ತಿರುಗಿದವು. ಎದುರಿಗೆ ಗೋಡೆ, ಗೋಡೆಗೆ ಕ್ಯಾಲೆಂಡರು. ಒಳ್ಳೆಯ ಯಂತ್ರ, ಸುಳ್ಳು ಹೇಳಬಾರದು. ಮೊಣಕಾಲು ನೋಯಲಿಲ್ಲ, ಬೆವರು ಬಂತು, ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳಲಿಲ್ಲ. ಇಳಿದಾಗ ಹತ್ತಿದ ಜಾಗದಲ್ಲೇ ಇದ್ದೆ. ಕ್ಯಾಲೆಂಡರಿನಲ್ಲೂ ಅದೇ ತಿಂಗಳು.

ಮನೆಯಲ್ಲಿ ಪಂಚಾಯಿತಿ ಕೂತಿತು. ಪಡಸಾಲೆಯಲ್ಲಿ ಟಿವಿಗೂ ದೇವರಮನೆಗೂ ನಡುವೆ ಮಾತ್ರ ಜಾಗವಿತ್ತು. ಅತ್ತೆ ಅದರಲ್ಲಿ ಎಲ್ಲಾದರೂ ಚರ್ಮದ ಪಟ್ಟಿ ಇದೆಯಾ ಎಂದು ಕೇಳಿದರು. ಯಜಮಾನರು ರಬ್ಬರು, ಬರೀ ರಬ್ಬರು ಎಂದು ಆಣೆ ಹಾಕಿದರು. ಆಮೇಲೆ ಅವರಿಗೆ ಹುರುಪು ಬಂತು. ನಡೆಯುತ್ತಲೇ ಕುಕ್ಕರಿನ ಸೀಟಿ ಕೇಳಬಹುದು, ಹಾಲು ಉಕ್ಕಿದರೆ ಇಳಿದು ಓಡಬಹುದು, ಪಾಠದ ಮಕ್ಕಳಿಗೆ ಮಗ್ಗಿ ಒಪ್ಪಿಸಿಕೊಳ್ಳಬಹುದು ಎಂದರು. ಇಷ್ಟೆಲ್ಲ ಕೇಳಿದ ಮೇಲೆ ಕಾಲು ಎರಡನ್ನು ಬಿಟ್ಟು ನನ್ನ ಉಳಿದ ಮೈಯೆಲ್ಲ ಅಡಿಗೆಮನೆಯಲ್ಲೇ ಇರುವುದು ಎಂದು ಗೊತ್ತಾಯಿತು.

ಆ ಬೆಳಗಿನ ತಿರುಗಾಟ ನನಗೆ ಹಿಡಿಸಿಬಿಟ್ಟಿತ್ತು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಯಾವ ಓಣಿ ಎಲ್ಲಿಗೆ ಕೂಡುತ್ತದೆ ಎಂದು ಕಂಡಿದ್ದೆ. ರಾವೂರ ಕಡೆಯಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು, ಗೇಟಿನಲ್ಲಿ ಮುಗಿಯದ ಗೂಡ್ಸು ಗಾಡಿ, ಸಿಮೆಂಟಿನ ಧೂಳಿಗೆ ಬೂದಿ ಬಣ್ಣವಾದ ಬೇವಿನ ಮರಕ್ಕೆ ಹೂ ಮಾತ್ರ ಬೆಳ್ಳಗೆ ಬಿಡುವುದು, ಇದೆಲ್ಲ ನಾನು ಇರುವ ಊರಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅತ್ತೆಯವರ ಮುಂದೆ ಒಂದೊಂದೇ ಹೇಳುತ್ತಿದ್ದೆ. ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಕಟ್ಟೆಗೆ ಹೊಸ ಕಲ್ಲು ಹಾಕಿದ್ದಾರೆ ಎಂದು. ಊರ ಉಸಾಬರಿ ನಮಗೆ ಯಾಕೆ ಎಂದು ಅವರು ಮುಖ ತಿರುಗಿಸುತ್ತಿದ್ದರು. ನಾನು ಮಾತು ನಿಲ್ಲಿಸಿದರೆ, ಬತ್ತಿ ಹೊಸೆಯುವ ಕೈಯೂ ನಿಲ್ಲುತ್ತಿತ್ತು.

ಆದರೆ ತಾಯಿಯ ಕಣ್ಣು ನೆನಪಾಗುತ್ತಿತ್ತು. ಕೊನೆಯ ದಿನಗಳಲ್ಲಿ ಅವಳು ನನ್ನ ಮುಖ ಸವರಿ ಗುರುತು ಹಿಡಿಯುತ್ತಿದ್ದಳು. ಊರು ನೋಡುವ ಆಸೆಗೆ ಕಣ್ಣನ್ನೇ ಕಳೆದುಕೊಳ್ಳುವುದು ಯಾವ ಜಾಣತನ? ತರೋಣ ಎಂದೆ. ಮಾರನೆಯ ದಿನ ಮುಂಗಡ ಕೊಟ್ಟು ಬರುವುದೆಂದು ನಿಶ್ಚಯವಾಯಿತು. ಯಜಮಾನರು ಸಂತೋಷದಿಂದ ಪಡಸಾಲೆಯನ್ನು ಅಳೆಯತೊಡಗಿದರು.

ಅಂದು ಸಂಜೆ ದೀಪ ಹಚ್ಚಿ ಬಂದು ಅತ್ತೆಯವರ ಹತ್ತಿರ ಕೂತೆ. ಅವರು ಬತ್ತಿ ಹೊಸೆಯುತ್ತ, ನನ್ನ ಕಡೆ ನೋಡದೆ ಕೇಳಿದರು:

"ಆ ಮಷಿನ್ ಮ್ಯಾಲ ನಡದು ಇಳದ್ರ, ನನಗ ಏನು ಸುದ್ದಿ ಹೇಳ್ತಿ?"

ಚಹಾ, ಪ್ರಸಾದ, ಡಾಕ್ಟರು ಬೈದದ್ದು, ಎಲ್ಲ ಮತ್ತೊಮ್ಮೆ ಹೇಳಿದೆ. ಶುಗರ್ ಅಂದರೆ ಯಾರೂ ಕೇಳುವುದಿಲ್ಲ, ಬೇಡ ಅಂದರೆ ಬಿಡುವುದಿಲ್ಲ ಎಂದೆ. ಅವರು ಬತ್ತಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಇನ್ನೆಂಟು ದಿನಕ್ಕೆ ಚಾತುರ್ಮಾಸ ಹಿಡಿಯುತ್ತದೆ ಅಲ್ಲವಾ ಎಂದರು.

ನಮ್ಮಲ್ಲಿ ಚಾತುರ್ಮಾಸ ಅಂದರೆ ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು. ಮೊದಲ ತಿಂಗಳು ಕಾಯಿಪಲ್ಯ ಬಿಡಬೇಕು, ಎರಡನೆಯದಕ್ಕೆ ಮೊಸರು, ಮೂರನೆಯದಕ್ಕೆ ಹಾಲು, ನಾಲ್ಕನೆಯದಕ್ಕೆ ಬೇಳೆ. ಹಾಲಿನ ತಿಂಗಳಲ್ಲಿ ಯಾರ ಮನೆಗೆ ಹೋದರೂ ಚಹಾ ಕುಡಿಯಿರಿ ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ವ್ರತ ಎಂದರೆ ಸಾಕು, ಕೊಡಲು ಬಂದವರೇ ಕೈ ಮುಗಿದು ಹಿಂದೆ ಸರಿಯುತ್ತಾರೆ.

"ಶಾಕ ವ್ರತ ಅದ, ದಧಿ ವ್ರತ ಅದ, ಕ್ಷೀರ ವ್ರತ ಅದ, ದ್ವಿದಳ ವ್ರತ ಅದ" ಎಂದು ಅವರು ಬೆರಳು ಮಡಿಚಿದರು. ಐದನೆಯ ಬೆರಳಿಗೆ ಬಂದು ಸ್ವಲ್ಪ ತಡೆದರು. "ನೀ ಸಕ್ಕರಿ ವ್ರತ ಹಿಡಿ. ಯಾರರ ಕೇಳಿದ್ರ ಅತ್ತ್ಯಾರು ಹೇಳ್ಯಾರ ಅನ್ನು."

ಅಂಥ ವ್ರತ ಯಾವ ಪುಸ್ತಕದಲ್ಲಿ ಇದೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ದೇವರಮನೆಯ ಕಡೆ ಒಮ್ಮೆ ತಿರುಗಿ, ಕೆನ್ನೆ ಬಡಿದುಕೊಂಡು, ಮತ್ತೆ ಬತ್ತಿ ಹೊಸೆಯತೊಡಗಿದರು.

ಡಾಕ್ಟರಿಂದ ಆಗದ್ದು ವ್ರತದಿಂದ ಆಯಿತು. ಸಕ್ಕರೆ ಬಿಟ್ಟಿದ್ದೇನೆ, ಅತ್ತೆಯವರು ಹೇಳಿದ್ದಾರೆ ಎಂದ ಕೂಡಲೇ ಪೂಜಾರಿಗಳು ಮುಷ್ಟಿ ಹಿಂದಕ್ಕೆ ತೆಗೆದು ತುಳಸಿ ತೀರ್ಥ ಕೊಟ್ಟರು. ಹೋಳಿಗೆ ಮಾವನ ಸೊಸೆ ಈ ವ್ರತದ ಫಲ ಏನು ಎಂದು ಕೇಳಿದಳು. ಕಣ್ಣಿಗೆ ಒಳ್ಳೆಯದು ಎಂದೆ, ಅದೊಂದು ಸುಳ್ಳಲ್ಲ. ವಾರದೊಳಗೆ ಅವಳೂ ಹಿಡಿದಳು. ಆಮೇಲೆ ಇನ್ನಿಬ್ಬರು. ಅವರವರ ಬುಟ್ಟಿ ಹಿಡಿದು ನನ್ನ ಜೊತೆ ಗೇಟಿನವರೆಗೆ ಬರತೊಡಗಿದರು. ವಿಧಿ ವಿಧಾನ ಕೇಳಲು ಬಂದವರಿಗೆ ಅತ್ತೆ ಮುಖ ಗಂಭೀರ ಮಾಡಿಕೊಂಡು, ಬಿರುಸಾಗಿ ನಡೆಯಬೇಕು, ನಡುವೆ ಎಲ್ಲೂ ಕೂರಬಾರದು ಎಂದು ಸೇರಿಸಿದರು. ಮುಂದೆ ನನ್ನ ಶುಗರ್ ಇಳಿದಾಗ ಡಾಕ್ಟರು ನೋಡಿದಿರಾ ನನ್ನ ಹೊಸ ಗುಳಿಗೆ ಎಂದರು. ಹೌದು ಎಂದೆ. ಅವರಿಗೂ ಒಂದು ಸಂತೋಷ ಬೇಕಲ್ಲ.

ಯಂತ್ರ ಬೇಡವೆಂದಾಗ ಯಜಮಾನರು ಎರಡು ದಿನ ಸಪ್ಪಗಿದ್ದರು. ಅದು ಯಾರಿಗೂ ಮಾರಾಟವಾಗಲಿಲ್ಲ. ಚಾತುರ್ಮಾಸ ಹಿಡಿದ ಮೇಲೆ ಒಂದು ಬೆಳಗ್ಗೆ ನಾವು ಬುಟ್ಟಿಯವರೆಲ್ಲ ರೈಲ್ವೆ ಗೇಟಿನಲ್ಲಿ ನಿಂತಿದ್ದೆವು. ಗೂಡ್ಸು ಗಾಡಿ ಹೋಗಿ ಗೇಟು ಎದ್ದಿತು. ಆಚೆ ಬದಿಯಿಂದ ಆ ಅಧಿಕಾರಿಯ ಸಾಮಾನಿನ ಲಾರಿ ಹಳಿ ದಾಟಿ ಬಂತು. ಹಾಸಿಗೆ, ಕುರ್ಚಿಗಳ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ಎಲಿಪ್ಟಿಕಲ್ ಮಷಿನ್ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಲಾರಿ ಹಳಿಯ ಮೇಲೆ ಕುಲುಕಿದ ಹಾಗೆಲ್ಲ ಅದರ ಪಾವಟಿಗೆಗಳು ಒಂದಾದ ಮೇಲೊಂದು ಮುಂದೆ ಹಿಂದೆ ಆಡುತ್ತಿದ್ದವು. ಯಾರೂ ಹತ್ತದೆ ತಾನೇ ನಡೆಯುತ್ತ ರಾಜಸ್ಥಾನಕ್ಕೆ ಹೊರಟಿತ್ತು.

ಮನೆಗೆ ಬಂದವಳೇ ಬುಟ್ಟಿ ಇಳಿಸುವ ಮೊದಲು ಅತ್ತೆಯವರಿಗೆ ಇದನ್ನೇ ಹೇಳಿದೆ. ಕೈಯಾಡಿಸಿ, ಕಾಲಾಡಿಸಿ ತೋರಿಸಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನೀರು ಒರೆಸಿಕೊಂಡು, ಕುರ್ಚಿಯ ಕೆಳಗೆ ಚಾಚಿದ್ದ ತಮ್ಮ ಕಾಲುಗಳನ್ನು ಒಮ್ಮೆ ನೋಡಿದರು.

"ಹೋಗ್ಲಿ ಬಿಡು" ಎಂದರು. "ಅದಾದ್ರೂ ನಾಕು ಊರು ನೋಡ್ಲಿ."