ಮೆಣಸಿನ ಕೋಣೆಯ ಗೋಡೆಯಲ್ಲಿ ಯುರೋಪ್ ಕಪ್

ಯುರೋಪಿನಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ವಯನಾಡಿನ ನಮಗೆ ತಿಳಿಯಲು ಆ ದಿನಗಳಲ್ಲಿ ಮೂರು ದಿನವಾದರೂ ಬೇಕಿತ್ತು. ಮೀನಂಗಡಿಯ ಅಂಗಡಿಯಿಂದ ಅಪ್ಪ ತರುವ ಹಳೆಯ ಮಲಯಾಳಂ ಪೇಪರಿಗಾಗಿ ನಾನು ಜಗಲಿಯಲ್ಲಿ ಕೂತು ಕಾಯುತ್ತಿದ್ದೆ. ಒಂಬತ್ತು ವರ್ಷದ ಹುಡುಗಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದವನು ಕಲ್ಲಿಕೋಟೆಯಲ್ಲಿ ಓದುತ್ತಿದ್ದ ಚಿಕ್ಕಪ್ಪ.

ಕರಿಮೆಣಸು ತುಂಬಿಡುವ ಕೋಣೆಯ ಗೋಡೆಯ ಮೇಲೆ ಅವನು ಇದ್ದಿಲಿನಿಂದ ಯುರೋಪ್ ಕಪ್ಪಿನ ಹದಿನಾರು ಕ್ಲಬ್ ತಂಡಗಳ ಹೆಸರು ಬರೆದು, ಜೋಡಿ ಜೋಡಿಯಾಗಿ ಗೆರೆ ಎಳೆದಿದ್ದ. ಸೋತವರ ಗೆರೆ ಅಲ್ಲಿಗೇ ನಿಲ್ಲುತ್ತಿತ್ತು.

“ಒಂದಾಟ ಹೊರಗೆ, ಒಂದಾಟ ಅವರವರ ಮನೇಲಿ, ಅಂದ್ರೆ ಅವರೂರ ಮೈದಾನದಲ್ಲಿ. ಹೊರಗೆ ಸೋತ್ರೂ ಮನೇಲಿ ಸರಿ ಮಾಡ್ಕೋಬೋದು ಕೂಸೇ. ಫೈನಲ್ ಮಾತ್ರ ಒಂದೇ ಆಟ,” ಎಂದಿದ್ದ.

ಆ ವರ್ಷ ಕಾಡಿನಲ್ಲಿ ನಕ್ಸಲರಿದ್ದಾರೆಂದು ಊರೆಲ್ಲ ಪೊಲೀಸರು. ಕೂಲಿಯವರಿಗೆ ಭೂಮಿ ಕೊಡಬೇಕೆಂದು ಭಾಷಣ ಮಾಡಿದ್ದ ಚಿಕ್ಕಪ್ಪನನ್ನೂ ಹುಡುಕತೊಡಗಿದರು. ಕಾಫಿ ಕೊಯ್ಲಿನ ಹೊತ್ತಿಗೆ ಅವನು ಮನೆ ಬಿಟ್ಟ. ಹೋಗುವಾಗ ಇದ್ದಿಲ ತುಂಡನ್ನು ನನ್ನ ಕೈಗಿತ್ತು, “ನೀ ಬರೀತಾ ಇರು. ಫೈನಲ್ ದಿನ ರೇಡಿಯೋ ತಕ್ಕೊಂಡು ಬತ್ತೀನಿ,” ಎಂದ.

ಆಮೇಲೆ ನಮ್ಮ ಮನೆಗೆ ನೆಂಟರೂ ಬರಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿ ಬೆಂಚು ಬದಲಿಸಿದಳು. ನಾನೊಬ್ಬಳೇ ಆ ಕೋಣೆಯ ಘಾಟಿನಲ್ಲಿ ಸೀನುತ್ತ ಹೆಸರು ಬರೆಯುತ್ತಿದ್ದೆ. ಹದಿನಾರು ಎಂಟಾಯಿತು, ಎಂಟು ನಾಲ್ಕಾಯಿತು. ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಗೆಲುವೂ ಸಪ್ಪೆ.

ಇಟಲಿಯವರೂ ಡಚ್ಚರೂ ಫೈನಲಿಗೆ ಬಂದ ಮೇಲೆ ಒಂದು ದಿನ ಪೊಲೀಸರು ಮನೆ ಶೋಧಿಸಲು ಬಂದರು. ಅವರಲ್ಲಿ ವಯಸ್ಸಾದವರೊಬ್ಬರು ಗೋಡೆ ನೋಡಿ, “ಇದೆಂದಾ ಮೋಳೇ?”, ಇದೇನು ಮಗಳೇ, ಎಂದು ಮಲಯಾಳಂನಲ್ಲಿ ಮೆಲ್ಲನೆ ಕೇಳಿದರು. ಎಷ್ಟೋ ತಿಂಗಳಿಂದ ಯಾರೂ ಆ ಗೋಡೆಯ ಬಗ್ಗೆ ಕೇಳಿರಲಿಲ್ಲ. ನನ್ನ ಬಾಯಿಗೆ ತಡೆಯೇ ಇಲ್ಲವಾಯಿತು. ಗೆರೆಗಳ ಲೆಕ್ಕ ಹೇಳಿದೆ, ಫೈನಲ್ ದಿನ ಹೇಳಿದೆ, ಅಂದು ಚಿಕ್ಕಪ್ಪ ಬರುತ್ತಾನೆಂದೂ ಹೇಳಿಬಿಟ್ಟೆ. ಎಷ್ಟು ಹೊತ್ತಿಗೆ ಎಂದು ಅವರು ಕೇಳಿದರು. ಹೊತ್ತು ಮುಳುಗುವ ಮುಂಚೆ, ಆಮೇಲೆ ನಮ್ಮಲ್ಲಿ ಊಟವಿಲ್ಲ ಎಂದೆ. ಜೈನರ ಮನೆಯ ಯಾವ ಮಗುವೂ ಕೊಡುವ ಉತ್ತರವದು.

ಫೈನಲ್ ದಿನ ಅಜ್ಜಿಗೆ ಗಂಟುಬಿದ್ದು ಹಲಸಿನ ಕಡುಬು ಮಾಡಿಸಿದೆ. ಬಿಸಿಲು ಕಾಫಿ ಗಿಡಗಳಿಂದ ಇಳಿಯುವಾಗ ಚಿಕ್ಕಪ್ಪ ಬಂದೇಬಿಟ್ಟ. ಸೊರಗಿದ್ದ. ಬಟ್ಟೆಚೀಲದಲ್ಲಿ ರೇಡಿಯೋ.

“ಕಡುಬಿನ ವಾಸನೆ ಗೇಟಿನ ತನಕ ಬಂತಲ್ಲ ಕೂಸೇ!”

ಅಷ್ಟರಲ್ಲಿ ತೋಟದೊಳಗಿಂದ ಪೊಲೀಸರು ಎದ್ದು ಬಂದರು. ಆ ವಯಸ್ಸಾದವರು ನನ್ನ ಮುಖ ನೋಡಲಿಲ್ಲ. ಅಜ್ಜಿ ಕೈಮುಗಿದು, “ಹೊತ್ತು ಮುಳುಗ್ತದೆ ಸ್ವಾಮಿ, ಒಂದು ತುತ್ತು ತಿನ್ಲಿ,” ಎಂದು ಬೇಡಿದರು. ಬಿಡಲಿಲ್ಲ. ಕಡುಬು ಎಲೆಯಲ್ಲೇ ಆರಿತು.

ಮರುದಿನ ಅಪ್ಪ ಗೋಡೆಗೆ ಸುಣ್ಣ ಬಳಿದರು. ಯಾರು ಗೆದ್ದರೆಂದು ನಾನು ಪೇಪರು ನೋಡಲಿಲ್ಲ.

ಈಗ ಮೊಮ್ಮಗಳ ಫೋನಿನಲ್ಲಿ ಗೋಲು ಬಿದ್ದ ಕೂಡಲೇ ಕಾಣುತ್ತದೆ. ಕಾಯುವ ಕೆಲಸವೇ ಇಲ್ಲ, ಜೊತೆಗೆ ಕಾಯುವವರೂ ಇಲ್ಲ. ಜೈಲಿನಿಂದ ಬಂದ ಚಿಕ್ಕಪ್ಪ ಮತ್ತೆ ಫುಟ್‌ಬಾಲ್ ಮಾತೆತ್ತಲಿಲ್ಲ. ಪೊಲೀಸರಿಗೆ ಯಾರು ಹೇಳಿದರೆಂದೂ ಕೇಳಲಿಲ್ಲ. ಹೊರಗೆ ಸೋತದ್ದನ್ನು ಮನೆಯಲ್ಲಿ ಸರಿಮಾಡಿಕೊಳ್ಳಬಹುದೆಂದು ನನಗೆ ಹೇಳಿಕೊಟ್ಟವನು ಅವನೇ. ಎಷ್ಟೋ ವರ್ಷ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ, ಹೊತ್ತು ಮುಳುಗುವ ಮುಂಚೆ ಕೂತು ಉಂಡೆವು. ಒಂದು ದಿನವೂ ನಾನು ಹೇಳಲಿಲ್ಲ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ.