ಸಂಗು ಕೂಗಿದಾಗ ಎದ್ದು ಹೋಗುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಹುಣಸೆಬೀಜದಷ್ಟು ದಪ್ಪದ ಗಂಟೊಂದು ಕಟ್ಟಿತ್ತು. ಬೆರಳ ತುದಿಗಳು ದ್ರಾಕ್ಷಿಯ ಕಲೆ ಕೂತು ನೇರಳೆಯಾಗಿದ್ದವು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಗೊಂಚಲನ್ನು ತೊಟ್ಟಿನಲ್ಲಿ ಹಿಡಿದು ಒಂದೇ ಒಂದು ಸುತ್ತು ತಿರುಗಿಸುವರು. ಅಷ್ಟರಲ್ಲಿ ಒಡೆದದ್ದು, ಕೊಳೆತದ್ದು, ಮಾಗದ್ದು ಎಲ್ಲ ಉದುರಿಹೋಗಿ ಒಳ್ಳೆಯ ಹಣ್ಣಷ್ಟೇ ಉಳಿದಿರುತ್ತಿತ್ತು. ದ್ರಾಕ್ಷಿಯ ಮೇಲೆ ತೆಳ್ಳಗೆ ಬಿಳಿ ಪುಡಿಯಿರುತ್ತದಲ್ಲ, ಅದು ಅಳಿಸಿದರೆ ವ್ಯಾಪಾರಿ ಹಣ್ಣು ಹಳೆಯದು ಎಂದು ಮೂಗು ಮುರಿಯುತ್ತಾನೆ. ಅವರು ಕತ್ತರಿಸಿಟ್ಟ ಗೊಂಚಲಿನ ಮೇಲೆ ಆ ಪುಡಿ ಬಳ್ಳಿಯಲ್ಲಿದ್ದಂತೆಯೇ ಇರುತ್ತಿತ್ತು. ನಾನು ಮುಟ್ಟಿದ ಗೊಂಚಲು ಮಾತ್ರ ಯಾರೋ ಸೀರೆ ಸೆರಗಿನಲ್ಲಿ ಉಜ್ಜಿದ ಹಾಗೆ ಮಿರಮಿರ ಮಿಂಚುತ್ತಿತ್ತು.

ಅವರ ನೆನಪು ಹೀಗೆ ಒಮ್ಮೆಗೇ ನುಗ್ಗಿ ಬಂದದ್ದು ಮಗಳ ದೆಸೆಯಿಂದ. ಅವಳು ರಜೆಯಲ್ಲಿ ಹೊತ್ತುಗೊತ್ತಿಲ್ಲದೆ ಜಪಾನಿನ ಕಾರ್ಟೂನು ನೋಡುತ್ತಾಳೆ. ಮೊನ್ನೆ ನನ್ನನ್ನೂ ಎಳೆದು ಕೂರಿಸಿಕೊಂಡಳು. ಕಾಲೇಜು ಹುಡುಗಿಯೊಬ್ಬಳು ಅಂಗಡಿಯಲ್ಲಿ ಅರೆ ಹೊತ್ತಿನ ಕೆಲಸಕ್ಕೆ ಸೇರುತ್ತಾಳೆ. ಯಜಮಾನ ಅವಳ ಕೈಯಲ್ಲಿ ನೆಲ ಒರೆಸಿಸುತ್ತಾನೆ, ತನ್ನ ನಾಯಿಗೆ ಸ್ನಾನ ಮಾಡಿಸುತ್ತಾನೆ, ಕೊನೆಗೆ ಅಜ್ಜಿಯ ಬೆನ್ನೂ ಒತ್ತಿಸುತ್ತಾನೆ. ಕೂಲಿ ಕೇಳಿದರೆ ಕಣ್ಣಲ್ಲಿ ನೀರು ತುಂಬಿಕೊಂಡು, "ನಾವೆಲ್ಲ ಒಂದೇ ಕುಟುಂಬ ಅಲ್ಲವಾ?" ಅನ್ನುತ್ತಾನೆ. ಮಗಳು ಹೊಟ್ಟೆ ಹಿಡಿದು ನಕ್ಕಳು. ಆ ಮಾತು ಬರುವವರೆಗೆ ನಾನೂ ನಗುತ್ತಲೇ ಇದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ದಿಂಡಿಗಲ್ಲಿನ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿ, ಹಾಸ್ಟೆಲಿನ ಟ್ರಂಕು ಹೊತ್ತು ಚಿನ್ನಮನೂರಿನ ಪಕ್ಕದ ನಮ್ಮ ಊರಿಗೆ ಬಂದಿದ್ದೆ. ಸ್ವಂತ ದುಡಿಮೆಯಲ್ಲಿ ಒಂದು ಕೈಗಡಿಯಾರ ಕೊಳ್ಳಬೇಕೆಂಬ ಹುಚ್ಚು ಹತ್ತಿತ್ತು. ಕಂಬಂ ರಸ್ತೆಯಲ್ಲಿ ದ್ರಾಕ್ಷಿ ಪೆಟ್ಟಿಗೆ ಕಟ್ಟುವ ಶೆಡ್ಡು ಇಟ್ಟಿದ್ದವನು ಅಮ್ಮನ ದೊಡ್ಡಪ್ಪನ ಮಗ, ನನಗೆ ಮಾವನಾಗಬೇಕು. "ಮಧ್ಯಾಹ್ನ ಒಂದ್ರಿಂದ ಅಂಜು ಗಂಟೆವರ್ಗೂ ಬಾ ಪುಳ್ಳೆ. ಪೆಟ್ಟಿಗೆ ಮೇಲೆ ಹೆಸ್ರು ಬರೆಯೋದು, ಅಷ್ಟೇ ವೇಲೆ," ಎಂದ. ಪುಳ್ಳೆ ಎಂದರೆ ನಮ್ಮ ಕಡೆ ಹುಡುಗಿ. ವೇಲೆ ಎಂದರೆ ಕೆಲಸ, ಅಂಜು ಎಂದರೆ ಐದು. ನಾವು ನೂರಾರು ವರ್ಷಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಅಲ್ಲಿ ಬೇಸಾಯಕ್ಕೆ ನಿಂತವರು. ಮನೆಯೊಳಗೆ ನಮ್ಮ ಮಾತು, ಹೊಸಿಲು ದಾಟಿದರೆ ತಮಿಳು.

ಹೆಸರು ಬರೆಯುವ ಕೆಲಸ ಮೂರೇ ದಿನದಲ್ಲಿ ರೆಕ್ಕೆಪುಕ್ಕ ಬಲಿತು ಹಾರಿತು. ಶೆಡ್ಡು ಗುಡಿಸು, ಪೆಟ್ಟಿಗೆಗೆ ಹಳೆ ಪೇಪರು ಹಾಸು, ಗೊಂಚಲು ಕತ್ತರಿಸು, ಸಂಜೆ ಮಾವನ ಮಗಳಿಗೆ ಇಂಗ್ಲಿಷ್ ಹೇಳಿಕೊಡು, ಹಾಗೇ ಅತ್ತೆಗೆ ದೋಸೆಹಿಟ್ಟು ರುಬ್ಬಿಕೊಟ್ಟು ಹೋಗು. ಐದು ಎಂಬುದು ಎಂಟಾಯಿತು. ಶೆಡ್ಡಿನ ಗೋಡೆ ಗಡಿಯಾರಕ್ಕೂ ಊಟದ ಮೇಲೆ ಮಂಪರು ಬರುತ್ತಿತ್ತೋ ಏನೋ, ಬೆಳಿಗ್ಗೆ ಸರಿಯಾಗಿ ಓಡುತ್ತಿದ್ದದ್ದು ಮಧ್ಯಾಹ್ನ ಅರ್ಧ ಗಂಟೆ ಹಿಂದೆ ಬೀಳುತ್ತಿತ್ತು. ಐದಕ್ಕೆ ಎದ್ದು ನಿಂತರೆ ಮಾವ ಮೆಲ್ಲಗೆ, "ಮಾವನ್ ವೇಲೇಗೆ ಗಂಟೆ ನೋಡ್ತೀಯಾ?" ಅನ್ನುತ್ತಿದ್ದ. ನಾನು ಮುಖ ಕೆಂಪು ಮಾಡಿಕೊಂಡು ಮತ್ತೆ ಕೂರುತ್ತಿದ್ದೆ. ನಮ್ಮಲ್ಲಿ ಒಂದೇ ಕುಲದವರು, ಹತ್ತಿರದ ನೆಂಟರು ಒಬ್ಬರ ಒಕ್ಕಣೆ ಕಳದಲ್ಲಿ ಒಬ್ಬರು ದುಡಿದರೆ ಅದು ಕೂಲಿಯಲ್ಲ, ಕೈಜೋಡಿಕೆ. ಉಣ್ಣಬೇಕು, ಬರಬೇಕು. ಅದಕ್ಕೆ ಹೊತ್ತು ಹೇಳಬಾರದು, ಕೂಲಿ ಕೇಳಬಾರದು. ಕಳದಲ್ಲಿ ಅದು ಚೆನ್ನಾಗಿಯೇ ಇತ್ತು, ಇವತ್ತು ನೀನು ಬಂದರೆ ನಾಳೆ ನಾನು ಬರುತ್ತೇನೆ. ಮಾವ ಆ ಪದ್ಧತಿಯನ್ನು ಹಾಗೇ ಎತ್ತಿ ತನ್ನ ವ್ಯಾಪಾರದ ಶೆಡ್ಡಿಗೆ ತಂದಿಟ್ಟುಕೊಂಡಿದ್ದ. ನಾಳೆ ಅವನು ಯಾರ ಮನೆಗೂ ಹೋಗುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಗಡಿಯಾರ ನೋಡದೆ ಏಳುತ್ತಿದ್ದವರು ಅವರೊಬ್ಬರೇ. ವಯಸ್ಸಿನಲ್ಲಿ ನನ್ನ ತಾಯಿಗಿಂತ ದೊಡ್ಡವರು, ಆದರೂ ಎಲ್ಲರೂ ಅಕ್ಕಾ ಎಂದೇ ಕರೆಯುತ್ತಿದ್ದೆವು. ಐದಕ್ಕೆ ಊರಿನ ಸಂಗು ಕೂಗುತ್ತಿತ್ತು. ನಮ್ಮ ಕಡೆ ಸೈರನ್ನಿಗೆ ಹಾಗೆನ್ನುತ್ತಾರೆ. ಕೂಗು ನಿಲ್ಲುವ ಮೊದಲೇ ಅವರ ಕತ್ತರಿ ಕೆಳಗಿರುತ್ತಿತ್ತು. "ಮಣಿ ಅಂಜಾಚ್ಚು ಮೊದಲಾಳಿ," ಎಂದು ತಮಿಳಿನಲ್ಲಿ ಹೇಳಿ, ಸೆರಗು ಕೊಡವಿ, ಮಾರ್ಕಯನ್‌ಕೋಟ್ಟೈ ಕಡೆಗೆ ಬಿರಬಿರನೆ ಹೆಜ್ಜೆ ಹಾಕುತ್ತಿದ್ದರು. ಐದಾಯಿತು ಯಜಮಾನರೇ, ಅಷ್ಟೇ ಮಾತು. ವಿನಯವೂ ಇಲ್ಲ, ಜಗಳವೂ ಇಲ್ಲ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಒಂದು ದಿನ ಅವರು ಊಟದ ಡಬ್ಬಿ ಮರೆತುಹೋದರು. ಕೊಟ್ಟುಬರುತ್ತೇನೆಂಬ ನೆಪದಲ್ಲಿ ನಾನೂ ಶೆಡ್ಡಿನಿಂದ ತಪ್ಪಿಸಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಹಿತ್ತಲಿನಿಂದ ಮಾತು ಕೇಳಿಸಿತು. "ಬಂದೆ ಕಣವ್ವಾ, ಬಂದೆ ಬಂದೆ. ಹೊತ್ತಾಯ್ತಾ ಎನ್ನ ಕಣ್ಣಿಗೆ? ಕೋಪವಾ? ಕಾಲ್ ತೆಗಿ, ಹೂಂ, ಎನ್ನ ಬಂಗಾರಿ." ನಮ್ಮ ಮಾತು! ನಮ್ಮಜ್ಜಿಯ ಬಾಯಲ್ಲಿದ್ದಂಥ ಹಳೆಯ, ಮೆತ್ತನೆಯ ಮಾತು. ನೋಡಿದರೆ ಎಮ್ಮೆ. ಅದು ಇವರ ಕಡೆಗೆ ಕತ್ತು ಹೊರಳಿಸಿ ಕಣ್ಣು ಮುಚ್ಚಿ ನಿಂತಿತ್ತು. ಇವರು ಅದರ ಹೊಟ್ಟೆಗೆ ಹಣೆಯೊತ್ತಿ ಹಾಲು ಕರೆಯುತ್ತಿದ್ದರು.

"ಅಕ್ಕಾ, ನೀವೂ ನಮ್ಮವ್ರಾ! ಹೇಳ್ಲೇ ಇಲ್ವಲ್ಲ!" ಎಂದು ಕೂಗಿಯೇಬಿಟ್ಟೆ.

ಅವರು ಬೆಚ್ಚಿದರು. ಆಮೇಲೆ ನಕ್ಕರು. ಅಂದು ಮೊದಲ ಬಾರಿಗೆ ಅವರು ನಗುವುದನ್ನು ನೋಡಿದೆ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ಸೇರಿದ್ದರಂತೆ. ಹಾಸುವ ಚಾಪೆಯಿಂದ ಹಿಡಿದು ಉಣ್ಣುವ ತಟ್ಟೆಯವರೆಗೆ ಅಲ್ಲಿ ಎಲ್ಲವೂ ತಮ್ಮನದು, ಈ ಎಮ್ಮೆಯೊಂದು ಮಾತ್ರ ಅವರದು. ಬೇರೆ ಕೈ ಕೆಚ್ಚಲಿಗೆ ತಾಕಿದರೆ ಒದೆಯುತ್ತದೆ. ಹಾಲಿನ ಸೊಸೈಟಿಯವರು ಆರಕ್ಕೆ ಬಾಗಿಲು ಹಾಕುತ್ತಾರೆ. ಐದಕ್ಕೆ ಹೊರಟರೆ ಎಲ್ಲ ಸರಿಯಾಗುತ್ತದೆ. ಇಷ್ಟನ್ನು ಹೇಳಿ, ಲೋಟ ತುಂಬ ನೊರೆಹಾಲು ಕೊಟ್ಟು ಒಂದು ಮಾತು ಕೇಳಿಕೊಂಡರು.

"ಶೆಡ್ಡಲ್ಲಿ ಹೇಳ್ಬೇಡ ಪುಳ್ಳೆ, ನಾನ್ ನಮ್ಮವ್ಳು ಅಂತ. ಅಲ್ಲಿ ನಾನ್ ಆಳು. ಆಳಿಗೆ ಸಂಗು ಐತೆ. ಸೊಂದಕ್ಕೆ ಸಂಗು ಇಲ್ಲ."

ಸೊಂದ ಎಂದರೆ ನೆಂಟಸ್ತನ. ಆಯಿತು ಎಂದು ತಲೆಯಾಡಿಸಿದೆ. ದಿನವೂ ಎಂಟರವರೆಗೆ ಮಾವನ ಮನೆಯಲ್ಲಿ ಹಿಟ್ಟು ರುಬ್ಬುತ್ತಿದ್ದ ನನಗೆ ಆ ಮಾತು ಅರ್ಥವಾಗಬೇಕಿತ್ತು. ಆದರೆ ಹದಿನೆಂಟರ ತಲೆ, ಅದರಲ್ಲಿ ನಮ್ಮವರೊಬ್ಬರು ಸಿಕ್ಕ ಸಂಭ್ರಮವೇ ತುಂಬಿಕೊಂಡಿತ್ತು. ಮರುದಿನದಿಂದ ಶೆಡ್ಡಿನಲ್ಲಿ ನಾವಿಬ್ಬರೂ ಏನೂ ಗೊತ್ತಿಲ್ಲದವರಂತೆ ತಮಿಳಿನಲ್ಲಿ ಮಾತಾಡುತ್ತಿದ್ದೆವು. ಯಾರೂ ಇಲ್ಲದಾಗ ಅವರು ಪಿಸುದನಿಯಲ್ಲಿ, "ಬೆರಳಲ್ಲಿ ಹಿಡೀಬೇಡ, ತೊಟ್ಟಲ್ಲಿ ಹಿಡಿ," ಎಂದು ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದರು. ಆ ಒಂದು ವಾರ ಆ ಶೆಡ್ಡು ನನಗೆ ಹಿತವಾಗಿತ್ತು.

ಆಮೇಲೆ ಆ ಶುಕ್ರವಾರ ಬಂತು. ಒಡ್ಡನ್‌ಛತ್ರಂಗೆ ತರಕಾರಿ ತುಂಬಲು ಹೋಗಬೇಕಿದ್ದ ಲಾರಿ ಮೊದಲು ನಮ್ಮ ಶೆಡ್ಡಿಗೇ ಬಂದು ನಿಂತಿತ್ತು. ಡ್ರೈವರು ಹಾರನ್ನು ಬಡಿಯುತ್ತಿದ್ದಾನೆ, ಪೆಟ್ಟಿಗೆಗಳು ಅರ್ಧವೂ ಆಗಿಲ್ಲ, ಮಾವನ ತಲೆ ಕೆಟ್ಟುಹೋಗಿದೆ. ಅಷ್ಟರಲ್ಲಿ ಸಂಗು ಕೂಗಿತು. ಅಕ್ಕ ಕತ್ತರಿ ಇಟ್ಟು ಎದ್ದರು. ಮಾವ ಕೆಂಡವಾಗಿ, "ಪೋ! ನಾಳೆಯಿಲೇರುಂದು ವರವೇಂಡಾಂ!" ಎಂದು ಕೂಗಿದ. ನಾಳೆಯಿಂದ ಬರಬೇಡ. ಅಕ್ಕ ಎಂದಿನಂತೆ ಸೆರಗು ಕೊಡವುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಅವರ ಅನ್ನ ಹೋಗಿಬಿಟ್ಟಿತು ಎಂದುಕೊಂಡೆ. ಓಡಿಹೋಗಿ ನಡುವೆ ನಿಂತು, "ಮಾವಾ, ಬೈಬೇಡಿ! ಅವ್ರೂ ನಮ್ಮವ್ರೇ!" ಎಂದೆ.

ಹೇಳಿ, ಏನೋ ದೊಡ್ಡ ಉಪಕಾರ ಮಾಡಿದವಳಂತೆ ಅವರ ಕಡೆ ತಿರುಗಿ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಮಾವ ಆ ಬೆದರಿಕೆಯನ್ನು ವಾರಕ್ಕೊಮ್ಮೆ ಹಾಕುತ್ತಿದ್ದನಂತೆ, ಜೊತೆಯ ಹೆಂಗಸರು ಆಮೇಲೆ ಹೇಳಿದರು. ಬೆಳಗಾದರೆ ಅವರಿಗಾಗಿ ಅವನೇ ದಾರಿ ನೋಡುತ್ತಿದ್ದನಂತೆ. ಅಂಥ ಕೈ ಕಂಬಂ ಕಣಿವೆಯಲ್ಲಿ ಇನ್ನೊಂದು ಇರಲಿಲ್ಲ.

ಮಾವನ ಮುಖ ಒಂದೇ ಕ್ಷಣದಲ್ಲಿ ಅರಳಿತು. "ಅಯ್ಯಯ್ಯೋ, ಇಷ್ಟ್ ದಿನ ಬಾಯೇ ಬಿಡ್ಲಿಲ್ವೇ! ನಿಮ್ದು ಹುಟ್ಟಿದ್ ಕುಲ ಯಾವ್ದು?" ಎಂದು ನಮ್ಮ ಮಾತಿನಲ್ಲೇ ಕೇಳಿದ. ಕುಲ ಕೇಳಿದಾಗ ಸುಳ್ಳು ಹೇಳುವವರು ನಮ್ಮಲ್ಲಿಲ್ಲ. ಅದು ದೇವರ ಮುಂದೆ ಸುಳ್ಳಾಡಿದಂತೆ. ಅವರು ನೆಲ ನೋಡುತ್ತಾ ಹೇಳಿದರು. ಮಾವನದೇ ಕುಲ.

"ಹಾಗಾದ್ರೆ ಎನಗೆ ಸೋದರತ್ತೆ!" ಮಾವ ಕೈಮುಗಿದ. ಕಾಫಿ ತರಿಸಿದ, ಆಳುಗಳ ಲೋಟದಲ್ಲಲ್ಲ, ಮನೆಯ ಬೆಳ್ಳಿ ಲೋಟದಲ್ಲಿ. ತನ್ನ ಕುರ್ಚಿಯನ್ನೇ ಎಳೆದುಕೊಟ್ಟ. ಆಮೇಲೆ ಕತ್ತರಿಯನ್ನು ತಾನೇ ಎತ್ತಿ ಅವರ ಕೈಗಿತ್ತು, ಜೇನಿನಂಥ ದನಿಯಲ್ಲಿ, "ಅತ್ತೇ, ಇನ್ನ ಸ್ವಲ್ಪ ಪೆಟ್ಟಿಗೆ ಐತೆ. ಮಗನಂಥ ಎನ್ನ ನಡುದಾರೀಲಿ ಬಿಟ್ಟು ಹೋಗ್ತೀರಾ?" ಎಂದ.

ಅಕ್ಕ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಬಸ್ಸು ತಪ್ಪಿಹೋದವರು ರಸ್ತೆಯನ್ನು ನೋಡುವ ಹಾಗೆ ನೋಡಿದರು. ಆಮೇಲೆ ಕೂತರು.

ಅಂದು ಏಳೂವರೆಯಾಯಿತು. ಮರುದಿನವೂ, ಅದರ ಮರುದಿನವೂ ಹಾಗೇ. ಬೇರೆ ಹೆಂಗಸರಿಗೆ ಐದರ ಮೇಲಿನ ಹೊತ್ತಿಗೆ ಮೇಲ್ಕೂಲಿ ಕೊಡಬೇಕಾಗಿತ್ತು, ಈ ಹೊಸ ಅತ್ತೆಗೆ ಬೆಳ್ಳಿ ಲೋಟದ ಕಾಫಿ ಸಾಕಾಗುತ್ತಿತ್ತು. ಎಮ್ಮೆಯನ್ನು ತಮ್ಮನ ಹೆಂಡತಿ ಕರೆಯಲು ಹೋಗಿ ಒದೆಸಿಕೊಂಡಳು. ರಾತ್ರಿ ಇವರು ಹೋಗಿ ಕರೆದರೆ ಸೊಸೈಟಿ ಮುಚ್ಚಿರುತ್ತಿತ್ತು. ಒಂದು ಸಂಜೆ ನಾನೇ ಮಾವನ ಎದುರು ನಿಂತು, "ಮಾವಾ, ಅವ್ರಿಗೆ ಎಮ್ಮೆ ಐತೆ, ಬಿಟ್ಬಿಡಿ," ಎಂದೆ. ಅವನು ನಕ್ಕು, "ಅತ್ತೆ ಎನಗೋಸ್ಕರ ಇರ್ತಾರೆ. ನಿನಗ್ಯಾಕೆ ಪುಳ್ಳೆ?" ಎಂದ. ಅಕ್ಕ ತಲೆ ಎತ್ತಲಿಲ್ಲ. ಎದ್ದು ಹೋಗಿ ಎಂದು ನಾನು ಗುಟ್ಟಾಗಿ ಬೇಡಿಕೊಂಡರೂ ಏಳಲಿಲ್ಲ. ಕುಲದವನ ಕೆಲಸ ಅರ್ಧಕ್ಕೆ ಬಿಟ್ಟು ಎದ್ದವಳು ಎಂದು ಊರು ಆಡಿಕೊಂಡರೆ, ಆ ಮಾತಿನ ಭಾರ ತಮ್ಮನ ಮನೆಯ ಮೇಲೆ ಬೀಳುತ್ತಿತ್ತು. ಆ ಮನೆಯಲ್ಲಿ ಅವರು ಮೊದಲೇ ಭಾರವಾಗಿದ್ದವರು.

ಎರಡು ವಾರದೊಳಗೆ ಎಮ್ಮೆಗೆ ಕೆಚ್ಚಲು ಬಾವು ಬಂತು. ಹಾಲಿನಲ್ಲಿ ರಕ್ತ ಕಾಣಿಸಿಕೊಂಡು, ಎರಡು ಮೊಲೆ ಬತ್ತಿಹೋಯಿತು. ಮೂರನೆಯ ವಾರ ತಮ್ಮ ಅದನ್ನು ಸಂತೆಗೆ ಹೊಡೆದುಕೊಂಡು ಹೋದ. ಅದು ಹೋದ ಮರುದಿನ ಐದಕ್ಕೆ ಸಂಗು ಕೂಗಿತು. ಶೆಡ್ಡಿನ ಹೆಂಗಸರೆಲ್ಲ ಅಭ್ಯಾಸಬಲದಿಂದ ಅವರ ಕಡೆ ನೋಡಿದರು. ಅವರು ಕತ್ತರಿ ಕೆಳಗಿಡಲಿಲ್ಲ. ಅದು ಕೂಗಿದ್ದು ಕೇಳಿಸಿತೆಂಬ ಗುರುತೂ ಅವರ ಮುಖದಲ್ಲಿರಲಿಲ್ಲ.

ರಜೆ ಮುಗಿದಾಗ ಮಾವ ನನಗೆ ಎಲೆ ಅಡಿಕೆಯ ಮೇಲೆ ಒಂದು ದಾವಣಿ ಬಟ್ಟೆ ಇಟ್ಟುಕೊಟ್ಟ. ಕೈಗಡಿಯಾರದ ಆಸೆ ಆ ಹೊತ್ತಿಗೆ ಸತ್ತುಹೋಗಿತ್ತು. ಹೊರಡುವ ಮುನ್ನ ಅಕ್ಕನ ಮುಂದೆ ನಿಂತು ನಮ್ಮ ಮಾತಿನಲ್ಲಿ, "ತಪ್ಪಾಯ್ತು ಅಕ್ಕಾ," ಎಂದೆ. ಅವರು ಕತ್ತರಿ ನಿಲ್ಲಿಸದೆ, "ಪರವಾಯಿಲ್ಲೆ ಅಮ್ಮಾ, ನಲ್ಲಾ ಪಡಿಂಗ," ಎಂದರು. ಪರವಾಗಿಲ್ಲಮ್ಮಾ, ಚೆನ್ನಾಗಿ ಓದಿ. ಪುಳ್ಳೆ ಅನ್ನಲಿಲ್ಲ. ಗುರುತಿಲ್ಲದವರನ್ನು ಕರೆಯುವ ಬಹುವಚನದಲ್ಲಿ, ತಮಿಳಿನಲ್ಲಿ.

ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ನಾನು ಕನ್ನಡದ ಅಕ್ಷರ ಕಲಿತೆ. ನಮ್ಮ ಮನೆಗೆ ಅಡುಗೆಗೆ ಬರುವಾಕೆ ತನ್ನ ಹೊತ್ತಿಗೆ ಸರಿಯಾಗಿ ಹೊರಟುಬಿಡುತ್ತಾಳೆ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ನಾನೇ ಗಡಿಯಾರ ತೋರಿಸಿ ಕಳಿಸುತ್ತೇನೆ. ನೀನು ನಮ್ಮನೆಯವಳ ಹಾಗೆ ಎಂಬ ಮಾತನ್ನು ನಾನು ಯಾರಿಗೂ ಆಡಿಲ್ಲ. ಅಷ್ಟು ಮಾತ್ರ ಅವರಿಂದ ಕಲಿತೆ, ಕಲಿಯಲು ಅವರ ಎಮ್ಮೆಯನ್ನು ತೆತ್ತೆ.

ಅವರು ತೀರಿಕೊಂಡ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದಳು. ಅದಕ್ಕೆ ಒಂದು ವರ್ಷ ಮುಂಚೆ ಊರಿಗೆ ಹೋದಾಗ ನಾನು ಅವರನ್ನು ನೋಡಿಬಂದಿದ್ದೆ. ಹೆಬ್ಬೆರಳಿನ ಗಂಟು ಹಾಗೇ ಇತ್ತು, ಬೆರಳುಗಳ ಕಲೆ ಮಾತ್ರ ಹೋಗಿತ್ತು. ನನ್ನ ಗುರುತು ಹಿಡಿದರು. "ವಾಂಗಮ್ಮಾ, ಉಕ್ಕಾರುಂಗ," ಎಂದು ಚಾಪೆ ಹಾಸಿ ಕೂರಿಸಿದರು. ನಾನು ನಮ್ಮ ಮಾತಿನಲ್ಲೇ ಕೇಳುತ್ತಾ ಹೋದೆ, ಅವರು ಎಲ್ಲದಕ್ಕೂ ತಮಿಳಿನಲ್ಲೇ ಉತ್ತರಿಸಿದರು, ಮರ್ಯಾದೆಯಿಂದ. ಭಾಷೆ ಮರೆತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎದ್ದೆ. ಬೀದಿಯ ತಿರುವಿನಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ನಿಂತಾಗ ಹಿತ್ತಲಿನಿಂದ ಅವರ ದನಿ ಕೇಳಿಸಿತು. ಪಕ್ಕದ ಮನೆಯ ಎಮ್ಮೆಕರು ಬೇಲಿ ನುಸುಳಿ ಬಂದಿರಬೇಕು.

"ಬಂದ್ಯಾ ಎನ್ನ ಬಂಗಾರಿ? ಹೆದರ್ಬೇಡ, ಬಾ. ಹೋದ್ರು ಅವ್ರು, ಹೋದ್ರು."